ಹೆಗಲು ಕೊಟ್ಟ ನಾಲ್ವರು

“ಅಂಗಿ ಬಿಚ್ಚಿ” ಎಂದೆ.

ನಾಲ್ಕು ಮಂಚದ ನಾಲ್ಕು ಗಂಡಸರು ಮೊದಲು ನನ್ನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಜ್ವರಕ್ಕೆ ಕಣ್ಣು ಕೆಂಪಾಗಿದ್ದವು, ತುಟಿ ಒಡೆದಿದ್ದವು, ಆದರೂ ನಾಚಿಕೆ ಮಾತ್ರ ಬಿಟ್ಟಿರಲಿಲ್ಲ. ನನಗೆ ಮೊದಲೇ ಸಿಟ್ಟು ಜಾಸ್ತಿ. ನಿಮ್ಮ ಚಂದ ನೋಡಲು ಬಂದವಳಲ್ಲ ನಾನು, ಉಣುಗು ಕಚ್ಚಿದ ಗುರುತು ನೋಡಬೇಕು ಎಂದು ಗದರಿದ ಮೇಲೆ ಗುಂಡಿಗೆ ಕೈ ಹೋಯಿತು.

ಶರಾವತಿ ಹಿನ್ನೀರಿನ ಆಚೆ, ಬ್ಯಾಕೋಡಿನಿಂದ ಒಳಗಿರುವ ಕಾರೆಮಕ್ಕಿಯಿಂದ ಒಂದೇ ವಾರದಲ್ಲಿ ಈ ನಾಲ್ವರು ಮಂಗನ ಕಾಯಿಲೆ ಹಿಡಿದು ಸಾಗರದ ಆಸ್ಪತ್ರೆಗೆ ಬಂದಿದ್ದರು. ಆದರೆ ಆ ಊರಿನ ಸುತ್ತ ಒಂದೇ ಒಂದು ಮಂಗ ಸತ್ತ ಸುದ್ದಿ ಇರಲಿಲ್ಲ. ಕತೆ ಅಲ್ಲೇ ಸಿಕ್ಕಿಕೊಂಡಿತ್ತು.

ನಾನು ವಿನಯಾ, ತೀರ್ಥಹಳ್ಳಿಯವಳು. ರೋಗ ಎಲ್ಲಿಂದ ಬಂತು ಎಂದು ಹುಡುಕುವುದೇ ನನಗೆ ಸಂಬಳ ಕೊಡುವ ಕೆಲಸ. ನಮ್ಮಮ್ಮ ಇದನ್ನು ಊರ ಉಸಾಬರಿ ಎನ್ನುತ್ತಾಳೆ. ಪೊಲೀಸರಿಗೆ ಕಳ್ಳ ಕಣ್ಣಿಗಾದರೂ ಕಾಣುತ್ತಾನೆ, ನನ್ನ ಕಳ್ಳ ಎಳ್ಳಿನ ಕಾಳಿಗಿಂತ ಚಿಕ್ಕ, ರಕ್ತ ಹೀರುವ ಉಣುಗು. ಕಾಯಿಲೆ ಬಂದು ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಇಳಿದು ಹತ್ತಿರ ಸಿಕ್ಕವರನ್ನು ಹತ್ತುತ್ತವೆ.

ಇದಕ್ಕೆ ಇಂಥದ್ದೇ ಎನ್ನುವ ಮದ್ದಿಲ್ಲ. ಲಸಿಕೆ ಮೊದಲೇ ಬೀಳಬೇಕು. ಬೀಳದಿದ್ದರೆ, ಜ್ವರ ಬಂದಕೂಡಲೇ ಆಸ್ಪತ್ರೆ ಸೇರಬೇಕು. ತಡವಾದರೆ ಮೈಯೊಳಗೆ ರಕ್ತ ಒಸರಲು ಶುರುವಾಗುತ್ತದೆ. ಸತ್ತ ಮಂಗ ಎಲ್ಲಿದೆ, ಅದರ ಹತ್ತಿರ ಇನ್ನೂ ಯಾರು ಹೋಗಿದ್ದರು ಎಂದು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ. ನಾಲ್ವರು ಸಿಕ್ಕಿದ್ದರು. ಐದನೆಯವರು ಎಲ್ಲೋ ಜ್ವರವನ್ನು ನೆಗಡಿ ಎಂದುಕೊಂಡು ಕಂಬಳಿ ಹೊದ್ದು ಮಲಗಿರಬಹುದು.

ಈ ನಾಲ್ವರ ಕೆಲಸಕ್ಕೂ ಒಂದಕ್ಕೊಂದು ತಾಳಮೇಳ ಇಲ್ಲ. ಸುಘೋಷ ಶಾಲೆಯ ಮೇಷ್ಟ್ರು, ನಮ್ಮ ತೀರ್ಥಹಳ್ಳಿ ಕಡೆಯವರು. ಸುನಿಲ್‌ಗೆ ಬ್ಯಾಕೋಡಿನಲ್ಲಿ ಮೊಬೈಲ್ ಅಂಗಡಿ. ಕನ್ನಪ್ಪ ಗಾರೆ ಕೆಲಸದವನು. ವಿನೋದ್ ಆಟೊ ಓಡಿಸುತ್ತಾನೆ. ದರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರು ಇವರಲ್ಲಿ ಒಬ್ಬರೂ ಇಲ್ಲ.

ಕಾಡಿಗೆ ಹೋದವರಿಗೆ ಉಣುಗು ಕಾಲಿನಿಂದ ಹತ್ತುತ್ತದೆ. ಮೊಣಕಾಲ ಹಿಂದೆ, ಉಡಿದಾರದ ಕೆಳಗೆ ಕೆಂಪು ಗುರುತು ಸಿಗುತ್ತದೆ. ಇವರ ಕಾಲುಗಳಲ್ಲಿ ಒಂದು ಗುರುತೂ ಇಲ್ಲ. ಇದ್ದದ್ದು ಹೆಗಲ ಮೇಲೆ. ಸುಘೋಷ ಮತ್ತು ಸುನಿಲ್‌ಗೆ ಬಲ ಹೆಗಲು, ಕುತ್ತಿಗೆಯ ಬುಡ. ಕನ್ನಪ್ಪ ಮತ್ತು ವಿನೋದ್‌ಗೆ ಎಡ ಹೆಗಲು.

ಉಣುಗು ಹೀಗೆ ಎಡ ಬಲ ಹಂಚಿಕೊಂಡು ಕಚ್ಚಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಪೂರ್ಣೇಶ್ ಕಿಸಕ್ಕನೆ ನಕ್ಕ. ಪೂರ್ಣೇಶ್ ನಮ್ಮ ಜೀಪಿನ ಚಾಲಕ, ಹೊಸನಗರ ತಾಲ್ಲೂಕಿನ ನಗರದವನು. ಅವನ ಬಾಯಿಗೆ ಬೀಗವಿಲ್ಲ.

“ನಾಲ್ಕೂ ಜನದ ಪಾದ ಮಂಚದಿಂದ ಒಂದೇ ಅಳತೆ ಹೊರಗಿದೆ ನೋಡಿ ಮೇಡಂ. ಸಂತೇಲಿ ಜೋಡಿ ಎತ್ತು ಆರ್ಸಿದ ಹಾಗೆ.”

ಅವನು ತಮಾಷೆಗೆ ಅಂದ. ನಾನು ಆ ಹೆಗಲುಗಳನ್ನು ಮತ್ತೊಮ್ಮೆ ನೋಡಿದೆ. ಒಂದೇ ಎತ್ತರದ ನಾಲ್ವರು. ಇಬ್ಬರಿಗೆ ಬಲ ಹೆಗಲು, ಇಬ್ಬರಿಗೆ ಎಡ ಹೆಗಲು. ಊರಿನಲ್ಲಿ ಎತ್ತರ ನೋಡಿ ನಾಲ್ವರನ್ನು ಆರಿಸುವುದು ಚಟ್ಟ ಹೊರುವುದಕ್ಕೆ. ಆದರೆ ಕಾರೆಮಕ್ಕಿಯಲ್ಲಿ ಈ ತಿಂಗಳು ಯಾರೂ ತೀರಿಕೊಂಡಿರಲಿಲ್ಲ.

“ಮೇಷ್ಟ್ರೇ, ಇತ್ತೀಚೆಗೆ ಯಾರಿಗೆ ಹೆಗಲು ಕೊಟ್ರಿ?”

ಸುಘೋಷ ಗೋಡೆಯ ಕಡೆ ತಿರುಗಿದರು. “ಅದೊಂದು ಕೇಳ್ಬೇಡಿ ಮೇಡಂ. ನಾನು ಹೇಳೋ ಹಾಗಿಲ್ಲ.”

ಗೊತ್ತಿಲ್ಲ ಎನ್ನಲಿಲ್ಲ, ಹೇಳುವ ಹಾಗಿಲ್ಲ ಎಂದರು. ಗಂಜಿಯ ತಿಳಿ ಹಿಡಿದು ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಅಪರ್ಣಾ ನನ್ನನ್ನು ಹೊರಗೆ ಕರೆದಳು. ಬೆಳಿಗ್ಗೆಯಿಂದ ಒಸಡಿನಲ್ಲಿ ರಕ್ತ ಕಾಣುತ್ತಿದೆ, ಬೇಗ ತಂದದ್ದರಿಂದ ಉಳಿಸಿಕೊಳ್ಳುತ್ತೇವೆ ಎಂದು ಡಾಕ್ಟರು ಧೈರ್ಯ ಹೇಳಿದ್ದಾರೆ ಎಂದಳು. ನಾಲ್ವರಿಗೂ ಮೈ ಬಿಸಿಯಾದ ದಿನವೇ ಮನೆ ಬಾಗಿಲಿಗೆ ಬಂದು ಲಾಂಚು ಹತ್ತಿಸಿದವಳು ಊರಿನ ಆಶಾ ಕಾರ್ಯಕರ್ತೆ ಸುಪ್ರಿಯಾ. ಅವಳ ಹೆಸರು ಹೇಳುವಾಗ ಅಪರ್ಣಾಳ ಕಣ್ಣು ತುಂಬಿತು.

“ಏಳೇಳು ಜನ್ಮಕ್ಕೂ ಅವಳ ಋಣ ತೀರಲ್ಲ ಮೇಡಂ” ಎಂದಳು.

ನನಗೂ ಹಾಗೇ ಅನ್ನಿಸಿತು. ಅದರ ಜೊತೆ ಇನ್ನೊಂದು ಯೋಚನೆಯೂ ಬಂತು. ಊರಿನಲ್ಲಿ ಅಷ್ಟು ಮನೆಗಳಿರುವಾಗ, ಜ್ವರ ಬರುವ ನಾಲ್ಕು ಮನೆಗಳ ಬಾಗಿಲಿಗೇ ಸುಪ್ರಿಯಾ ಹೇಗೆ ಸರಿಯಾಗಿ ಹೋದಳು?

*

ಜೀಪಿನ ಬಾಗಿಲು ಹಾಕುವಾಗ ನನ್ನ ಬೆರಳಿಗೆ ತಗಡು ತಾಗಿ ರಕ್ತ ಬಂತು. ಪೂರ್ಣೇಶ್ ಕಿಟ್ ತೆಗೆದು, ಬೆರಳು ಒರೆಸಿ, ಹಸಿರು ಬಣ್ಣದ ಪ್ಲಾಸ್ಟರೊಂದನ್ನು ಸುತ್ತಿದ. ಅದರ ಮೇಲೆ ಪುಟ್ಟ ಪುಟ್ಟ ಆನೆಗಳು.

ಇದೆಂಥ ಮಾರಾಯ, ಮಕ್ಕಳದ್ದು ಎಂದು ಬೈದೆ. ತೀರ್ಥಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಬೇರೆ ಇರಲಿಲ್ಲ, ಇದೂ ಕೊನೇ ಡಬ್ಬಿ, ಎಲ್ಲೆಲ್ಲೋ ತಿರುಗಿದರೂ ಇನ್ನು ಸಿಗುವುದಿಲ್ಲವಂತೆ ಎಂದು ಜಂಬ ಕೊಚ್ಚಿಕೊಂಡ. ನೋವಾದವರಿಗೆ ಸ್ವಲ್ಪ ನಗು ಬಂದರೆ ಗಾಯ ಬೇಗ ಒಣಗುತ್ತದೆ ಎಂದೂ ಸೇರಿಸಿದ.

ಅವನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಕೆಸರಿನಲ್ಲಿ ಹೂತ ಜೀಪನ್ನು ಅವನು ಎಷ್ಟು ಸಲ ಎತ್ತಿದ್ದಾನೋ, ನಾನು ತಲೆ ಸುತ್ತಿ ಬಿದ್ದಾಗ ಹೊತ್ತು ಆಸ್ಪತ್ರೆಗೆ ಓಡಿದ್ದಾನೋ, ಲೆಕ್ಕ ಇಟ್ಟಿಲ್ಲ. ಅವನ ಮಾತಿಗೆ ತಲೆನೋವು ಬರುತ್ತದೆ, ಅವನಿಲ್ಲದಿದ್ದರೆ ಕೆಲಸವೇ ಸಾಗುವುದಿಲ್ಲ. ಇದನ್ನು ಅವನೆದುರು ಮಾತ್ರ ಹೇಳುವುದಿಲ್ಲ, ತಲೆ ಮೇಲೆ ಕೂರುತ್ತಾನೆ.

ಸೇತುವೆ ಇನ್ನೂ ಮುಗಿದಿರಲಿಲ್ಲ. ನೀರಿನ ನಡುವೆ ಅದರ ಕಂಬಗಳು ನಿಂತಿದ್ದವು. ಲಾಂಚು ನಮ್ಮನ್ನೂ ಜೀಪನ್ನೂ ಹೊತ್ತು ಆ ದಡ ಮುಟ್ಟಿಸಿದಾಗ ನೆತ್ತಿಯ ಮೇಲೆ ಬಿಸಿಲು.

ದಡದಲ್ಲಿ ಸುಪ್ರಿಯಾ ಕಾಯುತ್ತಿದ್ದಳು. ಹೆಗಲಿಗೆ ಲಸಿಕೆಯ ಪೆಟ್ಟಿಗೆ, ಸೀರೆಯ ಮೇಲೆ ದಪ್ಪ ಸ್ವೆಟರ್. ಈ ಬಿಸಿಲಲ್ಲಿ ಎಂಥ ಸ್ವೆಟರ್ ಮಾರಾಯ್ತಿ ಎಂದರೆ, ನೀರಿನ ಗಾಳಿ ಅಕ್ಕ ಎಂದು ನಕ್ಕಳು. ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟೆ. ಈಗಷ್ಟೇ ಉಂಡೆ ಎಂದು ತಳ್ಳಿದಳು.

ಪಾಪದ ಹುಡುಗಿ, ಆಗಲೇ ಒಂದು ಕಷ್ಟದಲ್ಲಿದ್ದಳು. ಲಸಿಕೆಯ ಮೊದಲ ಡೋಸಿಗೆ ಕಾರೆಮಕ್ಕಿಯ ಜನ ಶಾಲೆಯ ಮುಂದೆ ಸಾಲು ನಿಂತಿದ್ದರು. ತಿಂಗಳಾದ ಮೇಲೆ ಎರಡನೆಯದಕ್ಕೆ ಕರೆದರೆ ಒಬ್ಬರೂ ಮನೆ ಬಿಟ್ಟು ಬರಲಿಲ್ಲ. ಯಾರೋ ಸುಳ್ಳು ಹಬ್ಬಿಸಿದ್ದಾರೆ, ಆಶಾ ಸರಿಯಾಗಿ ತಿಳಿಸಿಲ್ಲ ಎಂದು ಮೇಲಿನವರು ಅವಳಿಗೆ ನೋಟಿಸ್ ಕೊಟ್ಟಿದ್ದರು. ಉತ್ತರ ಸರಿಯಿಲ್ಲದಿದ್ದರೆ ಕೆಲಸ ಹೋಗುತ್ತದೆ. ಅವಳು ಇವತ್ತಿನವರೆಗೆ ಉತ್ತರವನ್ನೇ ಕೊಟ್ಟಿರಲಿಲ್ಲ.

ಜನ ಯಾಕೆ ಬರಲಿಲ್ಲ ಎಂದು ದಾರಿಯಲ್ಲಿ ಮತ್ತೆ ಕೇಳಿದೆ. ಸೂಜಿಗೆ ಹೆದರಿದವರಲ್ಲ ಅಕ್ಕ ನಮ್ಮವರು ಎಂದಳು. ಮತ್ತೆ ಯಾಕೆ ಎಂದರೆ ಕಿಟಕಿಯಾಚೆ ನೋಡಿದಳು. ಕೆರಿಯಪ್ಪನ ಮನೆ ಬಂದಾಗ ಅವಳು ಇಳಿಯಲಿಲ್ಲ. ಪೆಟ್ಟಿಗೆಯಲ್ಲಿ ಐಸು ಇದೆ, ನೆರಳಲ್ಲಿ ನೋಡಿಕೊಂಡಿರುತ್ತೇನೆ, ನೀವು ಹೋಗಿ ಬನ್ನಿ ಎಂದಳು.

*

ಕೆರಿಯಪ್ಪ ಕಾರೆಮಕ್ಕಿಯ ಹಿರಿಯ. ಊರಿನಲ್ಲಿ ಅವನ ಮಾತು ತೆಗೆದುಹಾಕುವವರಿಲ್ಲ. ಹಿಂದೆ ಅವನಪ್ಪ ಗೇಣಿ ಕೊಟ್ಟು ಉಳುತ್ತಿದ್ದ ಗದ್ದೆಗೆ ಈಗ ಅವನೇ ಒಡೆಯ. ಅವನ ಹೆಂಡತಿ ಮಾಸ್ತಮ್ಮ ನನ್ನನ್ನು ಕಂಡರೆ ಮಗಳು ಬಂದ ಹಾಗೆ ಮಾಡುತ್ತಾಳೆ. ಅದಕ್ಕೆ ಕಾರಣ ಇದೆ.

ಎರಡು ವರ್ಷದ ಹಿಂದೆ ಅವರ ಮಗ ರಾಜೇಂದ್ರನಿಗೆ ಇದೇ ಕಾಯಿಲೆ ಬಂದಿತ್ತು. ಇದೇ ಜೀಪಿನಲ್ಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟು, ಪ್ರಜ್ಞೆ ತಪ್ಪಿ ಹೋದವನು ಗೆದ್ದು ಬಂದ. ಅವತ್ತಿನಿಂದ ಪ್ರತಿ ವರ್ಷ ನಮ್ಮ ಮನೆಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಬರುತ್ತದೆ. ಬೇಡ ಎಂದರೆ ಮಾಸ್ತಮ್ಮ ಅಳುತ್ತಾಳೆ, ಹಾಗಾಗಿ ಸುಮ್ಮನೆ ತಿನ್ನುತ್ತೇನೆ.

ಜಗಲಿಯಲ್ಲಿ ಕೂತೆ. ಕಾಫಿ, ಅವಲಕ್ಕಿ ಬಂತು. ಪೂರ್ಣೇಶ್ ತನ್ನ ಲೋಟ ಹಿಡಿದು ಅಂಗಳದ ಕಟ್ಟೆಗೆ ಹೋದ. ಕೆರಿಯಪ್ಪ ಎದುರಿನ ಬೆಂಚಿನಲ್ಲಿ ಎಲೆಗೆ ಸುಣ್ಣ ಹಚ್ಚುತ್ತ, ಈ ಸಲ ಊರಲ್ಲಿ ಮಂಗ ಸತ್ತಿದ್ದೇ ಇಲ್ಲ, ಕಾಯಿಲೆ ಎಲ್ಲಿಂದ ಬಂತೋ ಆ ಚೌಡಿಗೇ ಗೊತ್ತು ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಷ್ಟರಲ್ಲಿ ರಾಜೇಂದ್ರ ಹಿತ್ತಿಲ ಕಡೆಯಿಂದ ಬಂದ. ನನ್ನನ್ನು ಕಂಡದ್ದೇ ಕೈ ತಲೆಗೆ ಹೋಯಿತು. ತಲೆ ನುಣ್ಣಗೆ ಬೋಳು, ಕೂದಲು ಈಗಷ್ಟೇ ಚಿಗುರುತ್ತಿತ್ತು.

ಎಲ್ಲಿ ಮಾರಾಯ ಮುಡಿ ಕೊಟ್ಟದ್ದು ಎಂದು ಕೇಳಿದೆ. ಧರ್ಮಸ್ಥಳಕ್ಕೆ ಹರಕೆ ಇತ್ತು ಎಂದ.

ನಾನು ಕಾಫಿ ಕುಡಿಯುತ್ತ ಅವನ ಮುಖವನ್ನೇ ನೋಡಿದೆ. ಏನೋ ಇಲ್ಲವಲ್ಲ, ಏನೋ ಇಲ್ಲವಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆಮೇಲೆ ಹೊಳೆಯಿತು. ಮೀಸೆ ಇರಲಿಲ್ಲ.

ನಮ್ಮ ಕಡೆ ಅಪ್ಪ ಇರುವ ಮಗ ದೇವರಿಗೆ ಮುಡಿ ಕೊಟ್ಟರೂ ಮೀಸೆ ಕೊಡುವುದಿಲ್ಲ. ಅಪ್ಪ ಹೋದ ದಿನ ಮಾತ್ರ ಅದು ಹೋಗುತ್ತದೆ. ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ರಾಜೇಂದ್ರನ ಅಪ್ಪ ನನ್ನೆದುರಿಗೇ ಕೂತು ಎಲೆ ಅಡಿಕೆ ಹಾಕುತ್ತಿದ್ದ.

ಲೋಟ ಕೆಳಗಿಟ್ಟೆ.

“ಕೆರಿಯಪ್ಪಣ್ಣ, ನೀವು ಬದುಕಿದ್ದೀರಿ. ಮಗ ಮೀಸೆ ತೆಗ್ದಿದ್ದಾನೆ. ಯಾರಿಗೆ ಮಗನಾಗಿ ಕರ್ಮ ಮಾಡ್ದ ಇವ್ನು?”

ಕೆರಿಯಪ್ಪನ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ರಾಜೇಂದ್ರ ಕಂಬ ಹಿಡಿದುಕೊಂಡ. ಒಳಗೆ ಪಾತ್ರೆಯ ಸದ್ದೂ ನಿಂತಿತು.

ನೀವು ಹೇಳಬೇಡಿ, ನಾನೇ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ ಎಂದು ಶುರು ಮಾಡಿದೆ. ಊರಲ್ಲಿ ಒಂದು ಮಂಗ ಸತ್ತಿತು. ನೀವು ಇಲಾಖೆಗೆ ಫೋನ್ ಮಾಡಲಿಲ್ಲ. ಚಟ್ಟ ಕಟ್ಟಿದಿರಿ. ಚಟ್ಟ ಓರೆಯಾಗಬಾರದು ಎಂದು ಒಂದೇ ಎತ್ತರದ ನಾಲ್ವರನ್ನು ಆರಿಸಿದಿರಿ. ಅವರು ಹೊತ್ತರು, ರಾಜೇಂದ್ರ ಬೆಂಕಿ ಮಡಕೆ ಹಿಡಿದು ಮುಂದೆ ನಡೆದ. ಆಮೇಲೆ ಊರಿಗೆ ಊರೇ ಸೂತಕ ಹಿಡಿಯಿತು. ಲಸಿಕೆಯ ದಿನ ಅದರ ನಡುವೆ ಬಂತು, ಸೂತಕದ ಮೈಗೆ ಸೂಜಿ ಬೇಡ ಎಂದು ಮನೆಯಲ್ಲೇ ಕೂತಿರಿ. ಯಾರೂ ಸುಳ್ಳು ಹಬ್ಬಿಸಿರಲಿಲ್ಲ. ಆದರೂ ಆ ಪಾಪದ ಸುಪ್ರಿಯಾ ನೋಟಿಸ್ ತಿಂದಳು.

ಇಷ್ಟು ಹೇಳಿ ಮುಗಿಸುವಾಗ ನನ್ನ ದನಿ ನನಗೇ ಜೋರಾಗಿ ಕೇಳಿತು. ಕೆರಿಯಪ್ಪ ತಿದ್ದಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು, ಚೌಡಿ ಮುಂದೆ ಊರೆಲ್ಲ ಆಣೆ ಹಾಕಿದ್ದೇವೆ, ಬಾಯಿ ಬಿಡುವ ಹಾಗಿಲ್ಲ ಎಂದ.

“ಆಣೆ ದೊಡ್ಡದೇ ಕೆರಿಯಪ್ಪಣ್ಣ. ಆದ್ರೆ ಚಟ್ಟದ ಮೇಲೆ ಮಲಗ್ಸೋಕೆ ಅದನ್ನ ಮುಟ್ಟಿದವ್ರು ಇನ್ನೊಬ್ರು ಯಾರೋ ಇರ್ಲೇಬೇಕು. ಅವ್ರಿಗೆ ಜ್ವರ ಬಂದಿದ್ರೆ, ಇವತ್ತು ಉಳಿಸ್ಕೋಬಹುದು. ನಾಳೆ ಹೇಳೋಕಾಗಲ್ಲ.”

ಉತ್ತರ ಕೊಟ್ಟವಳು ಮಾಸ್ತಮ್ಮ. ಅರಿಶಿನದ ಬಟ್ಟೆಯೊಂದನ್ನು ತಂದು ಗಂಡನ ಮುಂದೆ ಇಟ್ಟಳು. ತಪ್ಪು ಕಾಣಿಕೆ ಕಟ್ಟಿಡಿ, ಚೌಡಿಯೂ ಹೆಣ್ಣೇ, ಅವಳಿಗೆ ಅರ್ಥ ಆಗುತ್ತದೆ ಎಂದಳು. ಕೆರಿಯಪ್ಪ ಒಂದು ನಾಣ್ಯ ಕಟ್ಟಿ, ಕಣ್ಣಿಗೊತ್ತಿಕೊಂಡು, ಚೌಡಿಬನದ ಕಡೆ ಮುಖ ಮಾಡಿ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿದ.

“ಎರಡು ವರ್ಷದ ಹಿಂದೆ ನಮ್ಮ ಕಾಡಲ್ಲಿ ಮಂಗ ಸತ್ವು. ಅವು ಸತ್ತಿದ್ದಕ್ಕೆ ನೀವು ಬಂದ್ರಿ. ನೀವು ಬಂದಿದ್ದಕ್ಕೆ ಇವ್ನು ಆಸ್ಪತ್ರೆ ಸೇರಿ ಉಳ್ಕಂಡ, ಊರಿಗೆ ಸೂಜಿ ಬಂತು. ಅವು ಮೊದ್ಲು ಸಾಯ್ದೇ ಇದ್ರೆ ಸಾಯ್ತಿದ್ದಿದ್ದು ನಾವು. ಅಂಥದ್ದನ್ನ ಅವತ್ತು ನಿಮ್ಮವ್ರು ಎಲ್ರ ಎದುರಿಗೆ ಕೊಯ್ದು, ಸೀಮೆಎಣ್ಣೆ ಹೊಯ್ದು ಸುಟ್ರು. ತಪ್ಪು ಅನ್ನಲ್ಲ, ಅದು ನಿಮ್ಮ ಕೆಲ್ಸ. ಆದ್ರೆ ನಮ್ಗೆ ಅನ್ನ ಇಳೀಲಿಲ್ಲ. ಈ ಸಲ ಒಂದು ಮಂಗ ನಮ್ಮ ಅಂಗಳದ ಕಟ್ಟೆಗೇ ಬಂದು ಪ್ರಾಣ ಬಿಡ್ತು. ನಮ್ಮನ್ನ ನಂಬಿ ಬಂದಿದ್ದಲ್ವಾ ಅದು? ಈ ಸಲನಾದ್ರೂ ಸುಡ್ದೆ ಮಣ್ಣು ಮಾಡಿ ಋಣ ತೀರ್ಸಣ ಅಂದ್ಕಂಡ್ವಿ.”

ಅಪ್ಪ ಬೇಡವೆಂದರೂ ತಾನೇ ತಲೆ ಕೊಟ್ಟೆ ಎಂದು ರಾಜೇಂದ್ರ ನೆಲ ನೋಡುತ್ತ ಹೇಳಿದ. ತನಗೆ ಎರಡನೇ ಹುಟ್ಟು ಕೊಟ್ಟದ್ದು ಅವು, ಮಗನಿಲ್ಲದ ಹೆಣವಾಗಿ ಹೋಗಬಾರದು ಅನ್ನಿಸಿತು ಎಂದ. ಅವನಿಗೆ ಈಗ ಜ್ವರ ಬಾರದಿದ್ದುದಕ್ಕೂ ಕಾರಣ ಅದೇ. ಒಮ್ಮೆ ಕಾಯಿಲೆ ಗೆದ್ದ ಮೈ ಅದು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸೋಮಾರಿತನದಿಂದ ಹಬ್ಬಿದ ರೋಗ ಕಂಡಿದ್ದೇನೆ, ಸುಳ್ಳಿನಿಂದ, ಜಂಬದಿಂದ ಹಬ್ಬಿದ್ದೂ ಕಂಡಿದ್ದೇನೆ. ಉಪಕಾರ ಮರೆಯದ ಜನ ಉಪಕಾರ ತೀರಿಸಲು ಹೋಗಿ ರೋಗ ಹೊತ್ತು ತಂದದ್ದನ್ನು ಕಂಡದ್ದು ಇದೇ ಮೊದಲು. ಹೂತ ಜಾಗವನ್ನು ಅಗೆಯುವುದಿಲ್ಲ, ಸುತ್ತ ಉಣುಗು ಸಾಯುವ ಪುಡಿ ಮಾತ್ರ ಹಾಕಿಸುತ್ತೇನೆ, ಅಗೆಯಲೇಬೇಕು ಎಂದು ಮೇಲಿನವರು ಹೇಳಿದರೂ ನಿಮ್ಮನ್ನು ಕೇಳದೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ.

ಒಂದು ಮಾತ್ರ ಅರ್ಥವಾಗಿರಲಿಲ್ಲ. ಅಷ್ಟು ಹತ್ತಿರ ಇದ್ದೂ ನಾಲ್ವರ ಕೈಕಾಲಿಗೆ ಒಂದೂ ಉಣುಗು ಕಚ್ಚಿಲ್ಲ, ಅದು ಹೇಗೆ ಎಂದು ಕೇಳಿದೆ.

ಹೊರಡುವ ಮುಂಚೆ ಎಲ್ಲರ ಕೈಕಾಲಿಗೂ ಉಣುಗಿನ ಎಣ್ಣೆ ಹಚ್ಚಿತ್ತು ಎಂದಳು ಮಾಸ್ತಮ್ಮ. ಕಾಡಿಗೆ ಹೋಗುವವರಿಗೆ ಇಲಾಖೆ ಕೊಡುವ ಎಣ್ಣೆ. ಕೈಗೆ, ಕಾಲಿಗೆ, ಸೊಂಟಕ್ಕೆ, ಎಲ್ಲ ಬಿಡದೆ ಹಚ್ಚಿದ್ದಾರೆ. ಹೆಗಲು ಯಾರಿಗೂ ನೆನಪಾಗಲಿಲ್ಲ. ಯಾರಿಗೆ ನೆನಪಾಗುತ್ತದೆ ಹೇಳಿ, ನಮ್ಮ ಇಲಾಖೆಯ ಪೋಸ್ಟರಿನಲ್ಲೂ ಹೆಗಲಿಲ್ಲ.

“ಹಚ್ಚಿದ್ದು ಯಾರು?”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹೊರೋ ಮುಂಚೆ ಅದಕ್ಕೆ ಸ್ನಾನ ಮಾಡ್ಸಿದ್ದು ಯಾರು ಮಾಸ್ತಮ್ಮ?”

ಮಾಸ್ತಮ್ಮ ಸೆರಗು ಬಾಯಿಗೆ ಹಿಡಿದಳು.

“ನಾನೇ ತೊಳೀತೀನಿ ಅಂದೆ. ಅವ್ಳು ಬಿಡ್ಲಿಲ್ಲ. ಮುಟ್ಟಬೇಡಿ, ಫೋನ್ ಮಾಡ್ತೀನಿ ಅಂತ ಎಷ್ಟೋ ಹೇಳಿದ್ಳು. ನಾವು ಕೇಳ್ಲಿಲ್ಲ. ಹಾಗಿದ್ರೆ ನೀವ್ಯಾರೂ ಹತ್ರ ಬರ್ಬೇಡಿ, ಏನಾದ್ರೂ ಆಗೋದಾದ್ರೆ ನನ್ಗೊಬ್ಳಿಗೆ ಆಗ್ಲಿ ಅಂತ ತೊಡೆ ಮೇಲೆ ಹಾಕ್ಕಂಡು ತೊಳೆದ್ಳು.”

ಕೆರಿಯಪ್ಪನ ಕಣ್ಣು ನನ್ನ ಭುಜದಾಚೆ, ನೆರಳಲ್ಲಿ ನಿಂತ ಜೀಪಿನ ಮೇಲಿತ್ತು.

*

ಸುಪ್ರಿಯಾ ಹಿಂದಿನ ಸೀಟಿನಲ್ಲಿ ಲಸಿಕೆ ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದ್ದಳು. ಐಸಿನ ತಂಪಿಗೆ. ಹಣೆ ಮುಟ್ಟಿದೆ. ಕಾವಲಿಯ ಹಾಗೆ ಸುಡುತ್ತಿತ್ತು.

“ಬೈಬೇಡಿ ಅಕ್ಕ” ಎಂದಳು.

ಊರಿನವರೆಲ್ಲ ಹಾಕಿಸಿಕೊಂಡ ಮೇಲೆ ತನ್ನದು ಎಂದು ಇಟ್ಟುಕೊಂಡಿದ್ದಳಂತೆ, ಹಾಗಾಗಿ ಎರಡನೇ ಡೋಸ್ ಅವಳಿಗೂ ಆಗಿರಲಿಲ್ಲ. ನಾಲ್ವರನ್ನೂ ಒಬ್ಬೊಬ್ಬರಾಗಿ ಲಾಂಚು ಹತ್ತಿಸಿದವಳು ತನ್ನ ಜ್ವರಕ್ಕೆ ಮಾತ್ರೆ ನುಂಗಿ ಸುಮ್ಮನಿದ್ದಳು. ಆಸ್ಪತ್ರೆಗೆ ಹೋದರೆ ನೀವು ಕೇಳುತ್ತೀರಿ, ಕೇಳಿದರೆ ನಿಮಗೆ ಸುಳ್ಳು ಹೇಳಲು ಆಗುವುದಿಲ್ಲ, ಆಣೆ ಮುರಿಯುತ್ತದೆ ಎಂದಳು.

ನನಗೆ ಅಳು ಬಂತು. ನಾನು ಸುಲಭಕ್ಕೆ ಅಳುವವಳಲ್ಲ. ಅವಳನ್ನು ಎಳೆದು ತೊಡೆಯ ಮೇಲೆ ಮಲಗಿಸಿಕೊಂಡು, ನಾಲ್ಕು ಜೀವ ಉಳಿಸಿದ್ದೀಯ ಮಾರಾಯ್ತಿ, ನಿನ್ನ ಋಣ ನಮ್ಮೆಲ್ಲರ ಮೇಲಿದೆ, ಐದನೆಯದನ್ನು ಉಳಿಸುವುದು ಈಗ ನಮ್ಮ ಕೆಲಸ ಎಂದೆ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಪೂರ್ಣೇಶ್ ಕಾಫಿ ಚೆಲ್ಲಿ ಓಡಿಬಂದು ಜೀಪು ತಿರುಗಿಸಿದ. ಮಾಸ್ತಮ್ಮ ಒದ್ದೆ ಬಟ್ಟೆ, ನೀರಿನ ಬಾಟಲಿ ತಂದು ಕೊಟ್ಟಳು. ರಾಜೇಂದ್ರ ಬೈಕಿನಲ್ಲಿ ಮುಂದೆ ಹೋದ, ಲಾಂಚು ನಿಲ್ಲಿಸಿಕೊಂಡಿರಲು. ಕೆರಿಯಪ್ಪ ಜೀಪಿನ ಬಾಗಿಲು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಬಂದ. ಸೂತಕ ಕಳೆದಿದೆ, ಯಾವಾಗ ಕರೆದರೂ ಊರೆಲ್ಲ ಸೂಜಿಗೆ ಬರುತ್ತೇವೆ, ಮೊದಲು ನಿಲ್ಲುವವನು ನಾನು, ಆ ಹುಡುಗಿಯ ನೋಟಿಸಿಗೆ ಉತ್ತರವೂ ನಾನೇ ಬಂದು ಕೊಡುತ್ತೇನೆ ಎಂದ.

ಮಣ್ಣು ರಸ್ತೆಯ ತಿರುವಿನಲ್ಲಿ ಸುಪ್ರಿಯಾ ಕಣ್ಣು ತೆರೆದಳು.

“ಅಕ್ಕ, ಈಗ ಆಣೆ ಬಿಟ್ಟಿದೆ ಅಲ್ವಾ? ಹಾಗಾದ್ರೆ ಒಂದು ಹೇಳ್ಬೇಕು. ರಾಜೇಂದ್ರಣ್ಣನ ತಲೆ ಬೋಳ್ಸೋದಕ್ಕೆ ಮುಂಚೆ, ಆ ಮಂಗನ ಕಾಲನ್ನ ಯಾರೋ ಬೋಳ್ಸಿದ್ರು.”

ಜ್ವರದ ಮಾತು ಎಂದುಕೊಂಡೆ. ಅಲ್ಲ. ತೊಳೆಯುವಾಗ ನೋಡಿದ್ದಳು. ಹಿಂಗಾಲಿನಲ್ಲಿ ಎರಡು ಬೆರಳಗಲ ಜಾಗದ ಕೂದಲನ್ನು ಸಾಫಾಗಿ ತೆಗೆದಿತ್ತು, ನಡುವೆ ಸೂಜಿ ಚುಚ್ಚಿದ ಕಲೆ. ಬದುಕಿದ್ದಾಗಲೇ ಯಾರೋ ಅದರ ರಕ್ತ ತೆಗೆದಿದ್ದರು. ಅಂದರೆ ಆ ಮಂಗನಿಗೆ ಕಾಯಿಲೆ ಇದೆ ಎಂಬ ಅನುಮಾನ ಯಾರಿಗೋ ಮೊದಲೇ ಇತ್ತು. ಇದ್ದೂ ಕಾರೆಮಕ್ಕಿಗೆ ಒಂದು ಮಾತು ತಿಳಿಸಿರಲಿಲ್ಲ.

“ಅದರ ಮೇಲೆ ಇದನ್ನ ಅಂಟ್ಸಿದ್ರು. ಮಣ್ಣಿಗೆ ಹೋಗೋದು ಬೇಡ, ಯಾವತ್ತಾದ್ರೂ ನಿಮಗೆ ತೋರಿಸ್ಬೇಕು ಅಂತ ತೆಗ್ದಿಟ್ಟೆ.”

ಚೀಲದಿಂದ ಗಂಟು ಹಾಕಿದ ಪ್ಲಾಸ್ಟಿಕ್ ಕವರೊಂದನ್ನು ನನ್ನ ಕೈಗಿಟ್ಟಳು. ಬೆಳಕಿಗೆ ಹಿಡಿದೆ. ಒಳಗೆ ಒಂದು ಪ್ಲಾಸ್ಟರ್. ಹಸಿರು ಬಣ್ಣ, ಪುಟ್ಟ ಪುಟ್ಟ ಆನೆಗಳು.

ಕವರು ಹಿಡಿದ ನನ್ನ ಬೆರಳಲ್ಲೂ ಅವೇ ಆನೆಗಳಿದ್ದವು.

ಸೂಜಿ ಚುಚ್ಚಿಸಿಕೊಂಡ ಮಂಗನಿಗೆ ನೋವಾಗಿರುತ್ತದೆ ಎಂದು ಪ್ಲಾಸ್ಟರ್ ಹಚ್ಚುವ ಮನುಷ್ಯ ಈ ಮೂರು ತಾಲ್ಲೂಕಿನಲ್ಲಿ ಒಬ್ಬನೇ. ಅದರ ರಕ್ತ ತೆಗೆಯುವಾಗ ಅವನು ಅಲ್ಲಿದ್ದ, ಇಷ್ಟು ದಿನ ನನಗೆ ಹೇಳಿರಲಿಲ್ಲ. ತಲೆಯೆತ್ತಿದೆ. ಕನ್ನಡಿಯಲ್ಲಿ ಪೂರ್ಣೇಶ್ ನನ್ನ ಕೈಯನ್ನು ನೋಡುತ್ತಿದ್ದ. ಲಾಂಚಿನ ಹಾರ್ನು ಕೇಳಿಸುತ್ತಿತ್ತು, ಸುಪ್ರಿಯಾಳ ಉಸಿರು ನನ್ನ ಮಡಿಲನ್ನು ಸುಡುತ್ತಿತ್ತು, ಅವಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಲು ನನಗಿದ್ದವನು ಅವನೊಬ್ಬನೇ.

ಅವನು ಗೇರು ಬದಲಿಸಿದ. ವೇಗ ಕಡಿಮೆ ಮಾಡಲಿಲ್ಲ.

“ಅದು ಕಚ್ಚೋ ಮಂಗ ಆಗಿರ್ಲಿಲ್ಲ ಮೇಡಂ” ಎಂದ. “ಕೈ ಹಿಡಿದ್ರೆ ಸುಮ್ನೆ ಕೂರ್ತಿತ್ತು.”